ಹಳೇ ಹೆಪ್ಪು

ಡಾಕ್ಟರಮ್ಮ ಗುಲ್ಫಶಾಳ ಮೊಣಕೈ ಮಡಿಸಿದರು, ಬಿಡಿಸಿದರು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮೊಣಕಾಲಿನ ಹಿಂದಿನ ಮಡಿಕೆಗಳನ್ನು ಬೆರಳಿನಿಂದ ಸವರಿದರು. ಚಳಿಗಾಲದಲ್ಲಿ ಅಲ್ಲೆಲ್ಲ ಚರ್ಮ ಕೆಂಪಗೆ ಬಿರಿದು ನೀರು ಜಿನುಗಿ, ಲಂಗದ ಅಂಚು ಅಂಟಿಕೊಂಡು ಬಿಡಿಸಲಾಗುತ್ತಿರಲಿಲ್ಲ. ಈಗ ಆ ಜಾಗ ಒಂದಿಷ್ಟು ಕಪ್ಪಾಗಿ ದಪ್ಪಗಿತ್ತು, ಅಷ್ಟೆ. ನಾಲ್ಕು ವರ್ಷದ ಹುಡುಗಿ ಇಷ್ಟು ಹೊತ್ತು ಕೆರೆದುಕೊಳ್ಳದೆ ನಿಂತದ್ದನ್ನು ಅವಳ ತಾಯಿ ಗುಲ್ನಾಜ್ ತನ್ನ ಕಣ್ಣನ್ನೇ ನಂಬದವಳ ಹಾಗೆ ನೋಡುತ್ತಿದ್ದಳು.

"ಪುಡಿ ದಿನಾ ತಿಂತೀಯೇನು?" ಎಂದು ಡಾಕ್ಟರಮ್ಮ ಹುಡುಗಿಯನ್ನೇ ಕೇಳಿದರು.

ಗುಲ್ಫಶಾ ಅಜ್ಜಿಯ ಮುಖ ನೋಡಿದಳು. ಗೋಡೆಗೆ ಹಾಕಿದ ಬೆಂಚಿನ ತುದಿಯಲ್ಲಿ ಕೂತಿದ್ದ ಅಜ್ಜಿ ಜಾಹೆದಾ ಕೈಚೀಲದ ಹಿಡಿಕೆ ಸರಿಮಾಡತೊಡಗಿದಳು. ಆ ಹಿಡಿಕೆಗೆ ಏನೂ ಆಗಿರಲಿಲ್ಲ.

"ತಿಂತೀನ್ರಿ," ಎಂದಳು ಹುಡುಗಿ. "ನೀರಾಗ ಕಲಿಸಿ ನಾನಿ ಕೊಡ್ತಾಳ್ರಿ."

ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೇ ಹೇಳಿದಳು. ಜಾಹೆದಾಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ದುವಾ ಕಲಿಸಬೇಕಾದ ವಯಸ್ಸಿನ ಮೊಮ್ಮಗಳಿಗೆ ತಾನು ಮೊದಲು ಕಲಿಸಿದ್ದು ಸುಳ್ಳು ಎಂಬುದು, ಬೇರೆ ಊರಿನ ಡಾಕ್ಟರ ಮುಂದೆ ಕೂತಾಗ, ಎದೆಯಲ್ಲಿ ಚುಚ್ಚಿತು.

ಡಾಕ್ಟರಮ್ಮ ಖುಷಿಯಾಗಿದ್ದರು. ಅದೇ ಪುಡಿ ಮುಂದುವರಿಸಿ, ಹಾಲು ಮೊಸರು ಸದ್ಯಕ್ಕೆ ದೂರವೇ ಇರಲಿ, ಸ್ನಾನವಾದ ಮೇಲೆ ಮುಲಾಮು ಹಚ್ಚುವುದನ್ನು ಬಿಡಬೇಡಿ ಎಂದರು. ಗುಲ್ನಾಜ್ ತನ್ನ ಏಳು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಹುಟ್ಟಲಿರುವುದಕ್ಕೂ ಹೀಗೇ ಆಗುತ್ತದೆಯೇ ಎಂದು ಕೇಳಿದಳು. ಆಗಬಹುದು, ಆಗದೆಯೂ ಇರಬಹುದು, ಕೊನೆಯ ತಿಂಗಳುಗಳಲ್ಲಿ ತಾಯಂದಿರೂ ಇಂಥದೇ ಪುಡಿ ತೆಗೆದುಕೊಂಡರೆ ಕೆಲವು ಕೂಸುಗಳಿಗೆ ಅನುಕೂಲವಾಗಿದೆ, ಕೆಲವಕ್ಕೆ ಏನೂ ಆಗಿಲ್ಲ, ಖಾತ್ರಿ ಹೇಳಲು ಬರುವುದಿಲ್ಲ ಎಂದರು ಅವರು. ಇಷ್ಟು ಉದ್ದದ ಮಾತಿನಲ್ಲಿ ಗುಲ್ನಾಜ್‌ಗೆ ಬೇಕಾದದ್ದು 'ಅನುಕೂಲ' ಎಂಬ ಒಂದೇ ಮಾತು. ಉಳಿದದ್ದನ್ನು ಅವಳು ಅಲ್ಲೇ ಮೇಜಿನ ಮೇಲೆ ಬಿಟ್ಟು ಎದ್ದಳು.

ಗುಲ್ನಾಜಳ ಮನೆ ರಾಯಚೂರಿನಲ್ಲಿ, ಹತ್ತಿ ಜಿನ್ನಿಂಗ್ ಮಿಲ್ಲೊಂದರ ಹಿಂದಿನ ಓಣಿಯಲ್ಲಿ. ಗಂಡ ಮುಷರ್ರಫ್ ಅದೇ ಮಿಲ್ಲಿನಲ್ಲಿ ತೂಕದ ಕಾಂಟಾ ನೋಡಿಕೊಳ್ಳುತ್ತಾನೆ. ಸುಗ್ಗಿಯಲ್ಲಿ ಹತ್ತಿಯ ಎಳೆ ಗಾಳಿಗೆ ಹಾರಿ ಬಂದು ಕಿಟಕಿಯ ಸರಳಿಗೆ, ಒಣಹಾಕಿದ ಬಟ್ಟೆಗೆ, ಅನ್ನದ ಪಾತ್ರೆಗೆ ಅಂಟಿಕೊಳ್ಳುತ್ತದೆ. ಗುಲ್ಫಶಾಳ ತುರಿಕೆ ಶುರುವಾದದ್ದು ಹಾಲುಗಲ್ಲದ ವಯಸ್ಸಿನಲ್ಲಿ. ಪ್ರತಿ ಚಳಿಗಾಲಕ್ಕೂ ಅದು ಹೆಚ್ಚುತ್ತ ಬಂತು. ಕೆಲವರು ಇಸಬು ಎಂದರು, ಕೆಲವರು ದೃಷ್ಟಿ ಎಂದರು. ದೇವದುರ್ಗದಲ್ಲಿರುವ ಅತ್ತೆ ಶಹಜಾದಿ ಬೇಗಂ ತಾಯಿತ ಕಟ್ಟಿಸಿ, ಬೇವಿನ ಎಲೆ ಅರೆದು ಮೈಗೆಲ್ಲ ಮೆತ್ತಿ, ಹುಡುಗಿ ಉರಿಯಿಂದ ಚೀರಿ ಓಣಿ ಒಂದು ಮಾಡಿದಾಗ ಮುಸುಕೆಳೆದುಕೊಂಡು ತಾನೂ ಅತ್ತಳು. ಕೊನೆಗೆ ಹುಡುಗಿಯ ಕೈಗೆ ಕಾಲುಚೀಲ ಹಾಕಿ ಮಲಗಿಸುವ ಹಂತಕ್ಕೆ ಬಂದಾಗ ಈ ಚರ್ಮದ ಡಾಕ್ಟರಮ್ಮನ ಹತ್ತಿರ ಕರೆತಂದದ್ದು.

ಆ ಮೊದಲ ದಿನವೂ ಜಾಹೆದಾ ಜೊತೆಗಿದ್ದಳು. ಕೆಲವು ಮಕ್ಕಳಿಗೆ ಹಾಲಿನಿಂದ ಹೆಚ್ಚಾಗುತ್ತದೆ, ಬಿಟ್ಟು ನೋಡೋಣ ಎಂದು ಡಾಕ್ಟರಮ್ಮ ಹೇಳಿದಾಗ ಜಾಹೆದಾಳ ಮುಖ ಸಣ್ಣದಾಯಿತು. ಮಾನ್ವಿಯಲ್ಲಿ ಅವಳದು ಮೊಸರಿನ ಮನೆ. ಎರಡು ಎಮ್ಮೆ, ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರು, ಬೆಳಗಾದರೆ ಬಟ್ಟಲು ಹಿಡಿದುಕೊಂಡು ಬಂದು ನಿಲ್ಲುವ ಜನ. ಗಂಡ ಅಬ್ದುಲ್ ವಹೀದ್ ಕವಿತಾಳ, ಮಲ್ಲಟ ಎಂದು ಊರೂರಿಗೆ ಬಟ್ಟೆಗಂಟು ಹೊತ್ತು ತಿರುಗಿಯೂ ಮಾಡದ ಹೆಸರನ್ನು ಅವಳು ಕೂತಲ್ಲೇ ಮಾಡಿದ್ದಳು. ತನ್ನ ಮೊಸರಿನಿಂದ ಒಬ್ಬರಿಗೆ ಕೆಡುಕಾಗುತ್ತದೆ, ಅದೂ ಸ್ವಂತ ಮೊಮ್ಮಗಳಿಗೆ ಎಂದರೆ ಅವಳು ಯಾವ ಬಾಯಿಂದ ಹೂಂ ಅನ್ನಬೇಕು?

ಆಮೇಲೆ ಪುಡಿಯ ವಿಷಯ ಬಂತು. ಇದು ಮಾತ್ರೆಯ ಥರದ ಔಷಧ ಅಲ್ಲ, ಮೊಸರಿನಲ್ಲಿ ಇರುತ್ತವಲ್ಲ ಅಂಥ ಒಳ್ಳೆಯ ಜೀವಿಗಳು, ಕಣ್ಣಿಗೆ ಕಾಣುವುದಿಲ್ಲ, ಪಾಕೀಟಿನಲ್ಲಿ ಜೀವಂತ ಇರುತ್ತವೆ, ಬಿಸಿ ನೀರಿಗೆ ಹಾಕಬೇಡಿ, ಸಾಯುತ್ತವೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಗುಲ್ನಾಜ್ ತಲೆಯಾಡಿಸಿದಳು, ಅವಳಿಗೆ ಅರ್ಧ ತಿಳಿದಿತ್ತು. ಜಾಹೆದಾಳಿಗೆ ಪೂರ್ತಿ ತಿಳಿದಿತ್ತು. ಇವರು ಹೇಳುತ್ತಿರುವುದು ಹೆಪ್ಪಿನ ಮಾತು. ಬಿಸಿ ಹಾಲಿಗೆ ಹೆಪ್ಪು ಹಾಕಿದರೆ ಸಾಯುತ್ತದೆ ಎಂಬುದನ್ನು ಈ ವಯಸ್ಸಿನಲ್ಲಿ ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮಿಲ್ಲಿನ ಧೂಳು ಅಡಗುವ ತನಕ ಹುಡುಗಿಯನ್ನು ಬೇರೆ ಕಡೆ ಇಡುವುದೆಂದು ಆಯಿತು. ಗುಲ್ನಾಜ್‌ಗೆ ಆಗ ಬಸಿರಿನ ವಾಂತಿ, ಅವಳಿಗೂ ಕೈಲಾಗುತ್ತಿರಲಿಲ್ಲ. ಶಹಜಾದಿ ಬೇಗಂ ದೇವದುರ್ಗಕ್ಕೆ ಕಳಿಸು ಎಂದಳು. ಮೊಸರಿನ ಮನೆಗೆ ಕಳಿಸಿ ಮೊಸರು ಕೊಡಬೇಡ ಅನ್ನುವುದು ಯಾವ ನ್ಯಾಯ ಎಂದು ಫೋನಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. ಗುಲ್ನಾಜ್ ಅತ್ತೆಯ ಮಾತು ಮೀರಿ ತಾಯಿಯ ಕಡೆ ನಿಂತಳು. ಹೆರಿಗೆಗೂ ಅಲ್ಲಿಗೇ ಹೋಗುತ್ತೇನೆ ಎಂದು ಅದೇ ಉಸಿರಿನಲ್ಲಿ ಹೇಳಿಬಿಟ್ಟಳು. ಗುಲ್ಫಶಾ ತನ್ನ ತಲೆದಿಂಬು ಅವಚಿಕೊಂಡು ಮಾನ್ವಿಯ ಬಸ್ಸು ಹತ್ತಿದ ದಿನ ಜಾಹೆದಾ ದಾರಿಯುದ್ದಕ್ಕೂ ಅಲ್ಲಾಹನಿಗೆ ಶುಕ್ರಿಯಾ ಹೇಳಿದಳು, ಕಿಟಕಿ ಪಕ್ಕದ ಸೀಟು ಸಿಕ್ಕಿದ್ದಕ್ಕೂ ಸೇರಿಸಿ.

ಪುಡಿಯನ್ನು ನೀರಿನಲ್ಲಿ ಕಲಸಿ ಕೊಟ್ಟರೆ ಹುಡುಗಿ ಬಾಯಿಗೆ ಹಾಕಿಕೊಂಡಷ್ಟೇ ವೇಗವಾಗಿ ಉಗುಳಿದಳು. ಬೆಲ್ಲ ಹಾಕಿ ಕೊಟ್ಟರೂ ಅಷ್ಟೆ. ಮೂಗು ಹಿಡಿದು ಕುಡಿಸಿದ ದಿನ ಕುಡಿದದ್ದರ ಜೊತೆಗೆ ಉಂಡದ್ದೂ ಹೊರಗೆ ಬಂತು. ಜಾಹೆದಾ ಖಾಲಿ ಲೋಟ ಹಿಡಿದುಕೊಂಡು ಯೋಚನೆ ಮಾಡಿದಳು. ಹೆಪ್ಪನ್ನು ಯಾರಾದರೂ ದಿನಾ ಕೊಂಡು ತಂದು, ನೀರಲ್ಲಿ ಕದಡಿ, ಹಾಗೇ ಕುಡಿಯುತ್ತಾರೆಯೇ? ಹೆಪ್ಪನ್ನು ಒಮ್ಮೆ ತರುತ್ತಾರೆ. ತಂದು ಹಾಲಿಗೆ ಹಾಕುತ್ತಾರೆ. ಹಾಲು ಮೊಸರಾದ ಮೇಲೆ ಅದು ಹಾಲಲ್ಲ. ಡಾಕ್ಟರಮ್ಮ ಬೇಡವೆಂದದ್ದು ಹಳೆಯ ಹೆಪ್ಪಿನ ಮೊಸರನ್ನು ಇರಬೇಕು. ಅವರೇ ಕೊಟ್ಟ ಹೆಪ್ಪಿನ ಮೊಸರಿಗೆ ಅವರು ಯಾಕೆ ಬೇಡ ಅಂದಾರು? ಮೊಸರು ಮಾಡುವವರಿಗೆ ಇದರಲ್ಲಿ ಒಂದು ಬಿರುಕೂ ಕಾಣುವುದಿಲ್ಲ. ಜಾಹೆದಾಳಿಗೂ ಕಾಣಲಿಲ್ಲ.

ಒಂದು ಪಾಕೀಟು ಹರಿದು, ಉಗುರು ಬೆಚ್ಚಗಿನ ಹಾಲಿಗೆ ಹಾಕಿ, ಪುಟ್ಟ ಗಡಿಗೆಯೊಂದನ್ನು ಹೊದಿಸಿ ಬೇರೆ ಇಟ್ಟಳು. ಬೆಳಿಗ್ಗೆ ನೋಡಿದರೆ ತೆಳ್ಳಗೆ ಹೆಪ್ಪುಗಟ್ಟಿತ್ತು. ಸಕ್ಕರೆ ಹಾಕಿ ಕೊಟ್ಟರೆ ಗುಲ್ಫಶಾ ಬಟ್ಟಲು ನೆಕ್ಕಿದಳು. ಆ ಮೊಸರಿನಿಂದಲೇ ಮತ್ತೊಂದು ಗಡಿಗೆ, ಅದರಿಂದ ಮಗದೊಂದು. ಕೆಲವು ದಿನಕ್ಕೆ ಅದು ನೀರುನೀರಾಗಿ ನೂಲು ಬಿಡತೊಡಗಿದಾಗ, ಗಟ್ಟಿಯಾಗಲಿ ಎಂದು ತನ್ನ ಹಳೆಯ ಮೊಸರಿನ ಒಂದು ಸೌಟು ಕೂಡಿಸಿದಳು. ಆಮೇಲೆ ದಿನಾ ಕೂಡಿಸಿದಳು. ಮುಷರ್ರಫ್ ಬಂದಾಗಲೆಲ್ಲ ತಂದುಕೊಡುತ್ತಿದ್ದ ಪಾಕೀಟುಗಳು ಬಿಸ್ಕೀಟಿನ ಡಬ್ಬಿ ಸೇರಿದವು. ಬಿಸಾಡಲು ಮನಸ್ಸು ಬರಲಿಲ್ಲ, ಜೀವ ಇರುವ ವಸ್ತು. ಡಬ್ಬಿ ಅಟ್ಟದ ಮೇಲೆ ಚಳಿಗಾಲದ ಕೌದಿಗಳ ನಡುವೆ ಕೂತಿತು.

ಭಯ ಇರಲಿಲ್ಲವೆಂದಲ್ಲ. ದಿನಾ ಬೆಳಿಗ್ಗೆ ಹುಡುಗಿ ಏಳುವ ಮುಂಚೆ ಅವಳ ತೋಳು, ಕಾಲು ನೋಡುತ್ತಿದ್ದಳು. ಕೆಂಪು ಹೆಚ್ಚಲಿಲ್ಲ. ನಿಧಾನವಾಗಿ ಒಣಗಿತು, ಹೊಪ್ಪಳಿಕೆ ಉದುರಿತು. ಆಗ ಅವಳಿಗೆ ಧೈರ್ಯ ಬಂತು. ಧೈರ್ಯದ ಜೊತೆಗೆ ಇನ್ನೊಂದು ಚಿಂತೆಯೂ ಬಂತು: ಗುಲ್ನಾಜ್ ಕೇಳಿದರೆ? ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಯಾರಾದರೂ ಕೇಳಿದರೆ ಹೀಗೆ ಹೇಳು ಎಂದು ಕಲಿಸಿದ್ದು ಆ ಮೇಲೆಯೇ.

ಡಾಕ್ಟರ ಹತ್ತಿರದಿಂದ ತಾಯಿ ಮಗಳು ಮೊಮ್ಮಗಳು ರಾಯಚೂರು ಬಸ್ ನಿಲ್ದಾಣಕ್ಕೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಗುಲ್ನಾಜ್ ಎರಡು ದಿನ ಮಾನ್ವಿಯಲ್ಲಿದ್ದು ಬರುತ್ತೇನೆಂದು ಬಟ್ಟೆ ತಂದಿದ್ದಳು. ನೆರಳಿನಲ್ಲಿ ಮಜ್ಜಿಗೆಯ ಗಾಡಿ ನಿಂತಿತ್ತು. ಜಾಹೆದಾ ಮಗಳಿಗೊಂದು ಲೋಟ ತಂದಳು. ಗುಲ್ನಾಜ್ ಕೈ ಚಾಚಲಿಲ್ಲ.

"ಇವತ್ತಿನಿಂದ ನಂಗೂ ಬ್ಯಾಡ ಅಮ್ಮಿ. ಹಾಲು, ಮಸರು, ಮಜ್ಜಿಗಿ ಯಾವುದೂ ಮುಟ್ಟಂಗಿಲ್ಲ. ಇಕಿಗೆ ಬಿಟ್ಟಿದ್ದಕ್ಕ ಆರಾಮಾತಲ್ಲ."

ಡಾಕ್ಟರು ನಿನಗೆ ಬಿಡು ಎಂದು ಹೇಳಲಿಲ್ಲವಲ್ಲ ಎಂದಳು ಜಾಹೆದಾ. ಹೇಳದಿದ್ದರೇನು, ಕಣ್ಣ ಮುಂದೆ ಕಾಣುತ್ತಿಲ್ಲವೇ ಎಂದಳು ಗುಲ್ನಾಜ್. ಒಂದು ಮಗುವಿನ ಕೈಗೆ ಕಾಲುಚೀಲ ಕಟ್ಟಿ ಮಲಗಿಸಿದ್ದು ಸಾಕು, ಇನ್ನೊಂದಕ್ಕೆ ಕಟ್ಟಲಾರೆ ಎಂದಳು. ಆಮೇಲೆ ತಾಯಿಯ ಭುಜಕ್ಕೆ ಒರಗಿ, ಅತ್ತೆಯ ಮನೆಗೆ ಕಳಿಸಿದ್ದರೆ ಒಂದು ದಿನ ಕೊಟ್ಟು ಎರಡು ದಿನ ಬಿಡುತ್ತಿದ್ದರು, ನೀನಾದದ್ದಕ್ಕೆ ತಪ್ಪದೆ ಕೊಟ್ಟೆ, ನನ್ನ ಮಗಳ ಮೈ ನಿನ್ನ ಕೈಯಲ್ಲಿ ಗುಣವಾಯಿತು ಎಂದಳು. ತಂದ ಮಜ್ಜಿಗೆಯನ್ನು ಜಾಹೆದಾ ತಾನೇ ಕುಡಿದಳು.

ಬಸ್ಸಿನಲ್ಲಿ ಗುಲ್ನಾಜ್ ನಿದ್ದೆ ಹೋದಳು. ಕಲ್ಲೂರು ದಾಟಿದರೂ ಎಚ್ಚರವಾಗಲಿಲ್ಲ. ಅವಳ ಮಣಿಕಟ್ಟು ತೆಳ್ಳಗಾಗಿತ್ತು, ಪಾದ ಊದಿತ್ತು. ಜಾಹೆದಾ ಎರಡನ್ನೂ ನೋಡುತ್ತ ಕೂತಳು. ಹೇಳಿದರೆ ಇವಳು ಇನ್ನು ನನ್ನನ್ನು ನಂಬುವುದಿಲ್ಲ. ಮೊಮ್ಮಗಳು ಹೋಗುತ್ತಾಳೆ, ಹೆರಿಗೆ ದೇವದುರ್ಗದಲ್ಲಾಗುತ್ತದೆ. ಹೇಳದಿದ್ದರೆ ಈ ಬಿಸಿಲಿನಲ್ಲಿ, ಈ ಹೊಟ್ಟೆ ಹೊತ್ತುಕೊಂಡು, ಇವಳು ಹಾಲು ಮೊಸರು ಬಿಟ್ಟು ಒಣಗುತ್ತಾಳೆ, ಅದೂ ಆಗದೇ ಇದ್ದ ಒಂದು ಸಂಗತಿಯನ್ನು ನಂಬಿಕೊಂಡು. ಜಾಹೆದಾ ಎರಡನೆಯದನ್ನು ಎಷ್ಟು ಹಗುರ ಮಾಡಿ ನೋಡಿದರೂ ಅದು ಹಗುರವಾಗಲಿಲ್ಲ.

ಸಂಜೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಆಗಿತ್ತು. ಮೊಸರಿನ ಗಡಿಗೆಯನ್ನು ಗುಲ್ನಾಜ್ ತಾನೇ ಸರಿಸಿ ಮೂಲೆಗಿಟ್ಟಳು. ರೊಟ್ಟಿಯ ಚೂರು ಗಂಟಲಿಗೆ ಸಿಕ್ಕಿ ಕೆಮ್ಮಿದಳು, ನೀರು ಕುಡಿದಳು, ಮತ್ತೆ ಮುರಿದಳು. ಆಮೇಲೆ ಹೊಸ ಪಾಕೀಟುಗಳ ಕಟ್ಟು ಬಿಚ್ಚಿ, ಇವತ್ತು ನನ್ನ ಮಗಳಿಗೆ ನಾನೇ ಕೊಡುತ್ತೇನೆ ಎಂದು ಒಂದನ್ನು ಲೋಟದ ನೀರಿಗೆ ಸುರಿದು ಚಮಚೆಯಲ್ಲಿ ಕಲಸಿದಳು.

ಗುಲ್ಫಶಾ ಲೋಟ ಹಿಡಿದುಕೊಂಡಳು. ಅಜ್ಜಿಯನ್ನು ನೋಡಿದಳು. ಒಂದು ಗುಟುಕು ಕುಡಿದಳು, ಅವಳಿಗೆ ಓಕರಿಕೆ ಬಂತು, ಕಣ್ಣಲ್ಲಿ ನೀರು ತುಂಬಿತು. ಉಗುಳಲಿಲ್ಲ. ದಿನಾ ಕುಡಿಯುವ ಹುಡುಗಿ ಹೇಗೆ ಕುಡಿಯಬೇಕೋ ಹಾಗೆ ಕುಡಿಯುವುದಕ್ಕೆ ಹೆಣಗುತ್ತ, ಬಾಯಿ ಬಿಗಿಹಿಡಿದು, ಎರಡನೆಯ ಗುಟುಕಿಗೆ ಲೋಟ ಎತ್ತಿದಳು.

ಜಾಹೆದಾ ಅವಳ ಕೈಯಿಂದ ಲೋಟ ಕಸಿದುಕೊಂಡಳು. ಅಟ್ಟದ ಏಣಿ ಹತ್ತಿ, ಕೌದಿಗಳ ನಡುವಿನಿಂದ ಬಿಸ್ಕೀಟಿನ ಡಬ್ಬಿ ತೆಗೆದು ತಂದು ಮಗಳ ತಟ್ಟೆಯ ಪಕ್ಕದಲ್ಲಿಟ್ಟಳು. ಆ ಮನೆಯಲ್ಲಿ ಆಡುವುದು ದಖನಿ, ಬೀದಿಗಿಳಿದರೆ ಕನ್ನಡ, ಜಗಳಕ್ಕೆ ಎರಡೂ. ಅವತ್ತು ಮಾತು ಯಾವುದರಲ್ಲಿ ಶುರುವಾಯಿತೋ ಇಬ್ಬರಿಗೂ ನೆನಪಿಲ್ಲ.

"ಆಕಿ ಪುಡಿ ಕುಡಿದಿಲ್ಲ. ನಾ ಕೊಟ್ಟಿಲ್ಲ."

ಗುಲ್ನಾಜ್ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಪಾಕೀಟುಗಳು ಒಂದರ ಮೇಲೊಂದು ನೀಟಾಗಿ ಕೂತಿದ್ದವು.

"ಮತ್ತ ಏನ ಕೊಟ್ಟಿ?"

"ಮಸರು."

ಜಾಹೆದಾ ಎಲ್ಲ ಹೇಳಿದಳು. ಒಂದು ಪಾಕೀಟು ಹೆಪ್ಪು ಹಾಕಿದ್ದು, ಅದು ನೂಲು ಬಿಟ್ಟದ್ದು, ಹಳೆಯ ಮೊಸರು ಕೂಡಿಸಿದ್ದು, ಕೂಡಿಸುತ್ತ ಕೂಡಿಸುತ್ತ ಕೊನೆಗೆ ಗಡಿಗೆಯಲ್ಲಿ ಪುಡಿಯದೆಷ್ಟು ತನ್ನದೆಷ್ಟು ಎಂದು ತನಗೂ ತಿಳಿಯದೆ ಹೋದದ್ದು. ಹೇಳುತ್ತಿದ್ದ ಹಾಗೆ ಅದು ಅವಳಿಗೇ ಬೇರೆಯವರ ಮನೆಯ ಮಾತಿನಂತೆ ಕೇಳಿಸಿತು. ಗುಲ್ನಾಜ್ ಕೂಗಾಡಲಿಲ್ಲ, ಕೂಗಾಡಿದ್ದರೆ ಜಾಹೆದಾಳಿಗೆ ಚೆನ್ನಾಗಿರುತ್ತಿತ್ತು.

"ಮೈ ಹೊತ್ತಿ ಉರದಿದ್ರ ಏನ ಮಾಡ್ತಿದ್ದಿ ಅಮ್ಮಿ? ಆಗಲಿಲ್ಲಲ್ಲ ಅನಬ್ಯಾಡ."

ಜಾಹೆದಾ ಡಬ್ಬಿಯ ಮುಚ್ಚಳ ಮುಚ್ಚಿದಳು.

"ಮಸರು ಕೊಟ್ಟಿದ್ದು ಹೋಗಲಿ. ಕೂಸಿನ ಬಾಯಿಲೇ ಸುಳ್ಳು ಹೇಳಿಸಿದೆಲ್ಲ," ಎಂದು ಗುಲ್ನಾಜ್ ತಟ್ಟೆ ಸರಿಸಿ ಎದ್ದಳು.

ಮರುದಿನ ಮೊದಲ ಬಸ್ಸಿಗೆ ಮಗಳ ಕೈ ಹಿಡಿದುಕೊಂಡು ಹೊರಟುಹೋದಳು. ಬಿಸ್ಕೀಟಿನ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡಳು. ಹೆರಿಗೆ ದೇವದುರ್ಗದಲ್ಲೇ ಆಗುತ್ತದೆ ಎಂದು ಹೊಸ್ತಿಲ ಮೇಲೆ ನಿಂತು ಅಪ್ಪನಿಗೆ ಹೇಳಿದಳು, ಅಮ್ಮನಿಗೆ ಅಲ್ಲ. ಗುಲ್ಫಶಾಳ ತಲೆದಿಂಬು ಇಲ್ಲೇ ಉಳಿಯಿತು.

ಜಾಹೆದಾ ಹೆಪ್ಪು ಹಾಕುವುದನ್ನು ನಿಲ್ಲಿಸಿದಳು. ಬಟ್ಟಲು ಹಿಡಿದು ಬಂದವರಿಗೆ ಮೈಯಲ್ಲಿ ಹುಷಾರಿಲ್ಲ ಎಂದಳು. ಹಾಲನ್ನು ಅಬ್ದುಲ್ ವಹೀದ್ ಹೋಟೆಲಿಗೆ ಹಾಕಿ ಬಂದ. ಮೂಲೆಯ ಗಡಿಗೆಯಲ್ಲಿದ್ದ ಮೊಸರು ಹುಳಿಯಾಗಿ, ಬೂಷ್ಟು ಬಂದು, ಒಂದು ಬೆಳಿಗ್ಗೆ ಅವಳು ಅದನ್ನು ಒಯ್ದು ಬೇವಿನ ಮರದ ಬುಡಕ್ಕೆ ಚೆಲ್ಲಿ ಗಡಿಗೆ ಬೋರಲು ಹಾಕಿದಳು. ಆ ಹೆಪ್ಪು ಅವಳ ಮದುವೆಯ ಹೊಸತರಲ್ಲಿ ಪಕ್ಕದ ಮನೆಯ ಬಸವಂತಮ್ಮನಿಂದ ಬಂದದ್ದು. ಹೊಸ ಮನೆಯಲ್ಲಿ ಹಾಲು ಹೆಪ್ಪುಗಟ್ಟದೆ ಹುಡುಗಿ ಹಿತ್ತಲಲ್ಲಿ ಕೂತು ಅಳುತ್ತಿದ್ದಾಗ ಬಸವಂತಮ್ಮ ಗೋಡೆಯ ಮೇಲಿಂದ ಬಟ್ಟಲು ಚಾಚಿದ್ದಳು. ಅಂದಿನಿಂದ ಜಾಹೆದಾಳ ಹಾಲು ಆ ಮನೆಯ ಲಿಂಗಪೂಜೆಗೆ ಹೋಗುತ್ತದೆ. ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುವುದಿಲ್ಲ, ಆದರೆ ಮೊಸರಿನ ಬಟ್ಟಲು ಗೋಡೆ ದಾಟುತ್ತದೆ, ಒಬ್ಬರ ಹೆಪ್ಪಿಲ್ಲದೆ ಒಬ್ಬರ ಹಾಲು ಮೊಸರಾಗುವುದಿಲ್ಲ. ನಡುವಿನ ಗೋಡೆಗೂ ಇದು ರೂಢಿಯಾಗಿಬಿಟ್ಟಿದೆ. ಬಸವಂತಮ್ಮನದು ಒಂದೇ ಕಟ್ಟಳೆ. ದೀಪ ಹಚ್ಚಿದ ಮೇಲೆ ಅವಳ ಮನೆಯಿಂದ ಹೆಪ್ಪು ಹೊರಗೆ ಹೋಗುವುದಿಲ್ಲ. ಹೆತ್ತ ಮಗಳು ಬಂದು ನಿಂತಾಗಲೂ ಕೊಟ್ಟಿರಲಿಲ್ಲ ಎಂದು ಓಣಿಯಲ್ಲಿ ಹೇಳುತ್ತಾರೆ.

"ನೀ ಸಿಟ್ಟಾಗೀದಿ ಅಂತ ಎಮ್ಮಿಗೆ ಗೊತ್ತಿಲ್ಲ. ಅದು ಹಾಲು ಕೊಡಾಕತ್ತದ," ಎಂದು ಒಂದು ದಿನ ಅಬ್ದುಲ್ ವಹೀದ್ ಬಕೆಟ್ಟು ತಂದು ಅವಳ ಮುಂದಿಟ್ಟ.

ಅವಳು ಎದ್ದಳು. ಎದ್ದರೂ ಬಸವಂತಮ್ಮನ ಮನೆಗೆ ಹೋಗಲಿಲ್ಲ. ಹೆಪ್ಪು ಕೇಳಲು ಹೋದರೆ ನಿನ್ನದೇನಾಯಿತು ಎಂದು ಕೇಳುತ್ತಾಳೆ, ಆಮೇಲೆ ಹುಡುಗಿ ಯಾಕೆ ಹೋದಳು ಎಂದು ಕೇಳುತ್ತಾಳೆ. ಅಂಗಡಿಯಿಂದ ಪಾಕೀಟಿನ ಮೊಸರು ತಂದು ಹೆಪ್ಪು ಹಾಕಿದಳು. ಮೊಸರೇನೋ ಆಯಿತು, ಗಟ್ಟಿಯೂ ಆಯಿತು. ಕೊಂಡವರು ಒಂದು ಮಾತೂ ಆಡಲಿಲ್ಲ. ಆದರೆ ಮೊದಲು ಎರಡು ಬಟ್ಟಲು ಒಯ್ಯುತ್ತಿದ್ದವರು ಒಂದು ಒಯ್ಯತೊಡಗಿದರು.

ಮುಷರ್ರಫ್ ಬಂದದ್ದು ಒಂದು ಸಂಜೆ, ಕತ್ತಲು ಇಳಿಯುವ ಹೊತ್ತಿಗೆ. ಬೈಕಿನಿಂದ ಇಳಿದವನು ಒಳಗೂ ಬರದೆ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದ. ಗುಲ್ನಾಜ್ ಹುಷಾರಾಗಿದ್ದಾಳೆಯೇ, ಹುಡುಗಿ ಹೇಗಿದ್ದಾಳೆ ಎಂದು ಜಾಹೆದಾ ಒಟ್ಟೊಟ್ಟಿಗೆ ಕೇಳಿದಳು. ಹುಷಾರಾಗಿದ್ದಾರೆ ಎಂದ ಅವನು. ಹುಡುಗಿಯ ಒಂದು ಮೊಣಕೈಯಲ್ಲಿ ಮತ್ತೆ ಸ್ವಲ್ಪ ಕೆಂಪಾಗಿದೆ, ಮುಲಾಮಿಗೆ ತಗ್ಗುತ್ತದೆ, ಮತ್ತೆ ಬರುತ್ತದೆ. ಗುಲ್ನಾಜ್ ಡಾಕ್ಟರ ಹತ್ತಿರ ಹೋಗಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳಂತೆ. ಡಾಕ್ಟರಮ್ಮ ಬೈಯಲೂ ಇಲ್ಲ, ನಗಲೂ ಇಲ್ಲ. ಪುಡಿ ಕೆಲವು ಮಕ್ಕಳಿಗೆ ಹತ್ತುತ್ತದೆ, ಕೆಲವರಿಗೆ ಇಲ್ಲ. ತುರಿಕೆ ತಾನಾಗಿಯೂ ಏರುತ್ತದೆ, ಇಳಿಯುತ್ತದೆ. ಮಾನ್ವಿಯಲ್ಲಿ ಹತ್ತಿ ಧೂಳೂ ಇರಲಿಲ್ಲ. ಯಾವುದರಿಂದ ಆರಾಮಾಯಿತು ಎಂದು ನಾನು ಹೇಳಲಾರೆ ಎಂದರಂತೆ. ಕೇಳದೆ ಮಾಡಿದ್ದು ತಪ್ಪು, ಆದರೆ ಇಷ್ಟು ದಿನ ಮೊಸರು ತಿಂದೂ ಅವಳಿಗೆ ಏನೂ ಆಗಿಲ್ಲವೆಂದ ಮೇಲೆ ಮೊಸರು ಬಿಡಿಸಲು ನನಗೆ ಕಾರಣವಿಲ್ಲ, ಕೊಟ್ಟು ನೋಡಿ, ನೀವೂ ತಿನ್ನಿ ಎಂದರಂತೆ.

"ಅದಕ್ಕ ಹೆಪ್ಪು ತಗೊಂಡ್ ಬಾ ಅಂದ್ಲು," ಎಂದು ಮುಷರ್ರಫ್ ಡಬ್ಬಿ ಚಾಚಿದ. "ನಿಮ್ಮ ಹಳೇದಾ ಬೇಕಂತ. ಗುಲ್ಫಶಾ ತಿಂದಿದ್ದು ಯಾವುದೋ ಅದಾ. ಅಮ್ಮಿಗೆ ಹೇಳು, ಖರೇ ಹಳೇದು ಇದ್ರ ಕೊಡಲಿ, ಇರಲಿಲ್ಲಂದ್ರ ಇಲ್ಲ ಅನ್ನಲಿ ಅಂದಾಳ."

ಹೆರಿಗೆ ಎಲ್ಲಿ ಎಂದು ಕೇಳಲು ಜಾಹೆದಾಳಿಗೆ ಬಾಯಿ ಬರಲಿಲ್ಲ. ಅವನೇ ಅರ್ಥ ಮಾಡಿಕೊಂಡು, ಅದನ್ನು ಕೇಳಿದರೆ ಮೊದಲು ಹೆಪ್ಪು ತಾ ಅನ್ನುತ್ತಾಳೆ, ನಾನೂ ಎರಡನೇ ಸಲ ಕೇಳಿಲ್ಲ ಎಂದ.

ಡಬ್ಬಿ ಹಿಡಿದು ಅವಳು ಅಡುಗೆಮನೆಗೆ ಹೋದಳು. ಗಡಿಗೆಯ ಮೇಲಿನ ಬಟ್ಟೆ ತೆಗೆದಳು. ಬೆಳ್ಳಗೆ, ಗಟ್ಟಿಯಾಗಿ, ಒಂದು ಸೀಳೂ ಇಲ್ಲದೆ ಮೊಸರು ಕೂತಿತ್ತು. ಸೌಟು ಕೈಗೆ ಬಂತು. ಮೊಸರಿನ ಬಣ್ಣ ಬಿಳಿ. ಇದು ಬಸವಂತಮ್ಮನ ಮನೆಯದು, ಇದು ಅಂಗಡಿಯದು ಎಂದು ಯಾವ ಡಾಕ್ಟರೂ ಹೇಳಲಾರರು. ತುಂಬಿ ಕಳಿಸಿದರೆ ನಾಡಿದ್ದು ಮಗಳೇ ಬಂದರೂ ಬಂದಾಳು. ಇಲ್ಲ, ಹಳೆಯದು ಉಳಿದಿಲ್ಲ, ನಾನೇ ಚೆಲ್ಲಿದೆ ಎಂದರೆ ಖಾಲಿ ಡಬ್ಬಿ ಹೋಗುತ್ತದೆ. ಹೊರಗೆ ಮಸೀದಿಯಿಂದ ಮಗ್ರಿಬ್‌ನ ಅಜಾನ್ ಕೇಳಿಸಿತು. ಓಣಿಯ ಮನೆಗಳಲ್ಲಿ ಒಂದೊಂದೇ ದೀಪ ಹತ್ತಿರಬೇಕು.

ಜಾಹೆದಾ ಗಡಿಗೆಯ ಬಾಯಿಗೆ ಬಟ್ಟೆ ಮುಚ್ಚಿದಳು. ತಲೆಯ ಮೇಲೆ ಸೆರಗೆಳೆದುಕೊಂಡು, ಖಾಲಿ ಡಬ್ಬಿ ಹಿಡಿದು, ಅಳಿಯನ ಎದುರಿಗೇ ಹಾದು ಬೀದಿಗಿಳಿದಳು. ಬಸವಂತಮ್ಮ ಕೊಡುವುದಿಲ್ಲ ಎಂದು ಗೊತ್ತಿತ್ತು. ಕೇಳಿ, ಇಲ್ಲ ಅನ್ನಿಸಿಕೊಂಡು, ಅದನ್ನೇ ಮಗಳಿಗೆ ಹೇಳಿ ಕಳಿಸುವುದೆಂದು ಗಟ್ಟಿ ಮಾಡಿಕೊಂಡಿದ್ದಳು.

ಆಚೆ ಮನೆಯಲ್ಲಿ ದೀಪವಿತ್ತು, ಎದುರು ಮನೆಯಲ್ಲಿ ದೀಪವಿತ್ತು. ಬಸವಂತಮ್ಮನ ಮನೆ ಮಾತ್ರ ಕತ್ತಲಾಗಿತ್ತು. ಹಣೆಗೆ ವಿಭೂತಿ ಹಚ್ಚಿಕೊಂಡು, ಮಡಿಲಲ್ಲಿ ಕಡ್ಡಿಪೆಟ್ಟಿಗೆ ಇಟ್ಟುಕೊಂಡು ಮುದುಕಿ ಹೊಸ್ತಿಲ ಒಳಗೆ ಕೂತಿದ್ದಳು. ಪಕ್ಕದಲ್ಲಿ ಮುಚ್ಚಿದ ಮೊಸರಿನ ಪಾತ್ರೆ.

"ಗಾಡಿ ಸಪ್ಪಳ ಕೇಳ್ತು, ಅಳಿಯನ ಮಾತೂ ಕೇಳ್ತು. ಎಷ್ಟೊತ್ತು ಬೇ ನಿಂದು?" ಎಂದಳು ಬಸವಂತಮ್ಮ.

ಜಾಹೆದಾ ಬಾಯಿ ತೆರೆದಳು. ನಿನ್ನದು ಈಗ ಅಂಗಡಿಯ ಹೆಪ್ಪಿನ ಮೊಸರೆಂದು ಬಾಯಿಗಿಟ್ಟ ದಿನವೇ ತಿಳಿಯಿತು, ಕೇಳಲು ಬರುತ್ತೀಯೆಂದು ನಾನೂ ನೋಡುತ್ತಿದ್ದೆ ಎಂದು ಬಸವಂತಮ್ಮ ಅವಳನ್ನು ಮಾತಾಡಲು ಬಿಡಲೇ ಇಲ್ಲ. ಆದರೂ ಜಾಹೆದಾ ಹೇಳಿದಳು, ನಿಂತಲ್ಲೇ, ನಾಲ್ಕು ಮಾತಿನಲ್ಲಿ: ಹಳೆಯದನ್ನು ತಾನೇ ಚೆಲ್ಲಿದ್ದು, ಈಗ ಮಗಳು ಅದನ್ನೇ ಕೇಳಿ ಕಳಿಸಿರುವುದು.

"ಹೊತ್ತು ಮುಳುಗ್ಯದ ಅಕ್ಕ. ನಿನ್ನ ಕಟ್ಟಳಿ ನಂಗ ಗೊತ್ತದ."

"ನಮ್ಮನ್ಯಾಗ ಇನ್ನಾ ದೀಪ ಹಚ್ಚಿಲ್ಲ. ಡಬ್ಬಿ ಕೊಡು," ಎಂದಳು ಬಸವಂತಮ್ಮ.

ಕತ್ತಲಲ್ಲಿ ಅವಳ ಕೈ ಪಾತ್ರೆಯನ್ನು ತಡಕಿ ಸೌಟು ಹುಡುಕಿತು. ಡಬ್ಬಿ ತುಂಬಿ, ಮುಚ್ಚಳ ಒತ್ತಿ, ಕುಲುಕದ ಹಾಗೆ ಒಯ್ಯಲಿ ಎಂದಳು. ಜಾಹೆದಾ ಅದನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮುಷರ್ರಫ್‌ನ ಕೈಗೆ ಕೊಟ್ಟಳು. ಇದು ಬಸವಂತಕ್ಕನ ಮನೆಯಿಂದ ಈಗ ತಂದದ್ದು, ನನ್ನದನ್ನು ನಾನು ಚೆಲ್ಲಿದ್ದೆ, ಗುಲ್ನಾಜ್‌ಗೆ ಇದನ್ನು ಇದ್ದ ಹಾಗೇ ಹೇಳು ಎಂದಳು. ಅವನು ತಲೆಯಾಡಿಸಿ ಡಬ್ಬಿಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡು ಬೈಕು ಚಾಲೂ ಮಾಡಿದ. ಅವಳು ಒಳಗೆ ಓಡಿ ಗುಲ್ಫಶಾಳ ತಲೆದಿಂಬು ತಂದಳು. ಅವನು ಅದನ್ನು ನೋಡಿದ, ಕೈ ಚಾಚಲಿಲ್ಲ.

"ಇಲ್ಲೇ ಇರಲಿ ಬಿಡ್ರಿ," ಎಂದ.

ಬೈಕಿನ ಕೆಂಪು ದೀಪ ಓಣಿಯ ತಿರುವಿನಲ್ಲಿ ಮರೆಯಾಯಿತು. ಜಾಹೆದಾ ತಲೆದಿಂಬು ಅವಚಿಕೊಂಡು ಬೀದಿಯಲ್ಲೇ ನಿಂತಿದ್ದಳು. ಪಕ್ಕದ ಮನೆಯೊಳಗೆ ಕಡ್ಡಿ ಗೀರಿದ ಸಪ್ಪಳವಾಯಿತು. ಮೊದಲ ಕಡ್ಡಿ ಹತ್ತಲಿಲ್ಲ. ಬಸವಂತಮ್ಮ ಇನ್ನೊಂದು ಗೀರಿದಳು.